ಕ್ಯಾಥೊಲಿಕ್ ಕಾಲೇಜಿಗೆ ಸೇರಿದರೆ ಮಗಳು ಮತ ಬದಲಿಸುತ್ತಾಳಾ?

ಅಮೆರಿಕದ ಪದವಿ ಕಾಲೇಜುಗಳ ಪ್ರವೇಶ ಕುರಿತ ಈ ಅಂಕಣಕ್ಕೆ ಮಾರ್ಚ್ ಮುಗಿಯುತ್ತಿದ್ದಂತೆ ಒಂದೇ ಬಗೆಯ ಪ್ರಶ್ನೆಗಳು ಬರತೊಡಗುತ್ತವೆ. ಪ್ರವೇಶ ಪತ್ರ ಕೈಸೇರಿರುತ್ತದೆ, ಹೆಚ್ಚಿನ ಕಡೆ ಮೇ 1ರೊಳಗೆ ಡೆಪಾಸಿಟ್ ಕಟ್ಟಬೇಕು, ಮನೆಯಲ್ಲಿ ಗಾಬರಿ. ಲಿಬರಲ್ ಆರ್ಟ್ಸ್ ಎಂದರೇನು, ಎಫ್-1 ವೀಸಾ ಎಂದರೇನು ಎಂದು ಇಲ್ಲಿ ಬರೆಯುವುದಿಲ್ಲ. ಅದು ಅರ್ಜಿ ಹಾಕುವ ಮೊದಲೇ ತಿಳಿದಿರಬೇಕಾದದ್ದು.

ಮಗಳಿಗೆ ಅಮೆರಿಕದ ಸಣ್ಣ ಕ್ಯಾಥೊಲಿಕ್ ಕಾಲೇಜೊಂದರಲ್ಲಿ ಸೀಟು, ಒಳ್ಳೆಯ ಸ್ಕಾಲರ್‌ಶಿಪ್ ಎರಡೂ ಸಿಕ್ಕಿವೆ. ನಮ್ಮದು ಸಂಪ್ರದಾಯಸ್ಥ ಮನೆ. ಚರ್ಚಿಗೆ ಹೋಗಲೇಬೇಕಂತೆ, ಬೈಬಲ್ ಓದಲೇಬೇಕಂತೆ, ನಾಲ್ಕು ವರ್ಷದಲ್ಲಿ ಮತಾಂತರ ಮಾಡಿಸಿಬಿಡುತ್ತಾರಂತೆ. ಕಳಿಸಬಹುದಾ? (ತಾಯಿಯೊಬ್ಬರು, ಮೈಸೂರು)

ತಾಯಿ, ಅಂತೆಕಂತೆ ಕೇಳಿ ಮಗಳ ನಾಲ್ಕು ವರ್ಷವನ್ನು ತೀರ್ಮಾನಿಸಬೇಡಿ. ಹೆದರಿಸುತ್ತಿರುವ ನೆಂಟರಲ್ಲಿ ಒಬ್ಬರಾದರೂ ಆ ಕಾಲೇಜಿನ ನಿಯಮ ಪುಸ್ತಕ ತೆರೆದು ನೋಡಿದ್ದಾರಾ, ಕೇಳಿ.

ಮತಾಂತರದ ಮಾತು ಮೊದಲು ಮುಗಿಸೋಣ. ಯಾರನ್ನೂ ಬಲವಂತದಿಂದ ನಂಬಿಕೆಗೆ ತರಬಾರದು ಎಂದು ವ್ಯಾಟಿಕನ್ ಮಹಾಸಭೆ 1965ರಲ್ಲೇ ಘೋಷಿಸಿದೆ, ಆ ಚರ್ಚಿನ ಕಾನೂನಿನಲ್ಲೂ ಅದೇ ಇದೆ. ವಯಸ್ಕರೊಬ್ಬರು ತಾವಾಗಿ ಬಯಸಿದರೂ ತಿಂಗಳುಗಟ್ಟಲೆ ಬೋಧನೆ ಪಡೆದು, ಸಾಮಾನ್ಯವಾಗಿ ಈಸ್ಟರ್ ಹಿಂದಿನ ರಾತ್ರಿಯ ಜಾಗರಣೆಯಲ್ಲಿ, ಸಭೆಯ ಎದುರು ದೀಕ್ಷಾಸ್ನಾನ ತೆಗೆದುಕೊಳ್ಳಬೇಕು. ಹಾಸ್ಟೆಲ್ ರೂಮಿನಲ್ಲಿ ಯಾರೋ ಗುಟ್ಟಾಗಿ ಮಾಡಿಸಿಬಿಡುವ ಕೆಲಸವಲ್ಲ ಅದು. ಹಾಗೆಂದು, ಬೇರೆ ನಂಬಿಕೆಯವರ ನಡುವೆ ನಾಲ್ಕು ವರ್ಷ ಓದಿ ಬಂದವಳ ಮನಸ್ಸು ಒಂದಿಷ್ಟೂ ಬದಲಾಗದು ಎಂಬ ಭರವಸೆ ನಾನು ಕೊಡಲಾರೆ. ಓದು ಮನಸ್ಸನ್ನು ಬದಲಿಸುತ್ತದೆ. ಅದು ಬೇಡವಾದರೆ ಮಗಳನ್ನು ಯಾವ ಕಾಲೇಜಿಗೂ ಕಳಿಸುವಂತಿಲ್ಲ.

ನೀವು ಕೇಳಬೇಕಾಗಿದ್ದದ್ದು ಬೇರೆ: ಅಲ್ಲಿ ಕಡ್ಡಾಯ ಯಾವುದು, ಐಚ್ಛಿಕ ಯಾವುದು? ಬೋರ್ಡಿನ ಮೇಲೆ ‘ಕ್ಯಾಥೊಲಿಕ್’ ಎಂದಿದ್ದ ಮಾತ್ರಕ್ಕೆ ಇದು ಗೊತ್ತಾಗುವುದಿಲ್ಲ, ಏಕೆಂದರೆ ಒಂದು ಕಾಲೇಜಿಗೂ ಇನ್ನೊಂದಕ್ಕೂ ಅಜಗಜಾಂತರ. ಎರಡನ್ನು ಎದುರುಬದುರು ಇಟ್ಟು ನೋಡಿ.

ಮ್ಯಾಸಚೂಸೆಟ್ಸ್‌ನ ವುಸ್ಟರ್ ಊರಿನ ಹೋಲಿ ಕ್ರಾಸ್ ಕಾಲೇಜು 1843ರದ್ದು, ಜೆಸ್ವಿಟರು ಎಂಬ ಕ್ಯಾಥೊಲಿಕ್ ಪಾದ್ರಿಗಳ ಸಭೆಯದ್ದು. ಮಂಗಳೂರಿನಲ್ಲಿ 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಶುರುಮಾಡಿದ್ದೂ ಅದೇ ಸಭೆಯವರು. ಅಲೋಶಿಯಸ್‌ನಲ್ಲಿ ಓದಿದ ಹಿಂದೂ ಮನೆಯವರು ಮೈಸೂರಿನಲ್ಲೂ ಬೇಕಾದಷ್ಟು ಸಿಗುತ್ತಾರೆ, ಅವರನ್ನೇ ಕೇಳಿ. ಹೋಲಿ ಕ್ರಾಸ್‌ನಲ್ಲಿ ಮೂರು ಸಾವಿರದ ಆಸುಪಾಸು ವಿದ್ಯಾರ್ಥಿಗಳು, ಎಲ್ಲರೂ ಪದವಿಯವರೇ. ವಿಜ್ಞಾನ, ಅರ್ಥಶಾಸ್ತ್ರ, ಇತಿಹಾಸ ಯಾವುದನ್ನಾದರೂ ಮೇಜರ್, ಅಂದರೆ ಮುಖ್ಯ ವಿಷಯ, ಮಾಡಿಕೊಳ್ಳಬಹುದು. ಪದವಿಗೆ ಬೇಕಾದ ಕೋರ್ಸುಗಳಲ್ಲಿ ಧರ್ಮಾಧ್ಯಯನಕ್ಕೂ ಒಂದು ಪಾಲಿದೆ, ಮತ್ತು ಆ ವಿಭಾಗದಲ್ಲಿ ಹಿಂದೂ, ಬೌದ್ಧ, ಇಸ್ಲಾಂ ಧರ್ಮಗಳನ್ನೂ ಕಲಿಸುತ್ತಾರೆ. ಬಲಿಪೂಜೆಗೆ, ಅಂದರೆ ಚರ್ಚಿನ ಪ್ರಾರ್ಥನಾ ವಿಧಿಗೆ (ಮಾಸ್), ಹೋಗುವುದು ಬಿಡುವುದು ಅವರವರ ಇಷ್ಟ.

ಇನ್ನೊಂದು, 1971ರಲ್ಲಿ ಶುರುವಾದ ಥಾಮಸ್ ಅಕ್ವಿನಾಸ್ ಕಾಲೇಜು. ಕ್ಯಾಲಿಫೋರ್ನಿಯಾದ ಸಾಂಟಾ ಪೌಲಾ ಬಳಿ ಬೆಟ್ಟಗಳ ನಡುವೆ ಇದೆ. 2019ರಿಂದ ಮ್ಯಾಸಚೂಸೆಟ್ಸ್‌ನ ನಾರ್ತ್‌ಫೀಲ್ಡ್‌ನಲ್ಲೂ ಒಂದು ಕ್ಯಾಂಪಸ್ ನಡೆಸುತ್ತಿದೆ. ಕೆಲವೇ ನೂರು ಮಕ್ಕಳು. ಮೇಜರ್ ಇಲ್ಲ, ಆಯ್ಕೆಯ ವಿಷಯ ಇಲ್ಲ, ಪಠ್ಯಪುಸ್ತಕ ಇಲ್ಲ. ಎಲ್ಲರೂ ಒಂದೇ ಓದು ಓದಿ ಒಂದೇ ಪದವಿ ಪಡೆಯುತ್ತಾರೆ, ಮತ್ತು ದೈವಶಾಸ್ತ್ರ ನಾಲ್ಕೂ ವರ್ಷ ಕಡ್ಡಾಯ: ಮೊದಲ ವರ್ಷ ಬೈಬಲ್, ಕೊನೆಯ ವರ್ಷಗಳಲ್ಲಿ ಮಧ್ಯಯುಗದ ಕ್ಯಾಥೊಲಿಕ್ ಪಂಡಿತ ಸಂತ ಥಾಮಸ್ ಅಕ್ವಿನಾಸರ ಬರಹ. ಕ್ಯಾಥೊಲಿಕರಲ್ಲದವರನ್ನೂ ಸೇರಿಸಿಕೊಳ್ಳುತ್ತಾರೆ, ಆದರೆ ಅಲ್ಲಿನ ಗಾಳಿಯೇ ಕ್ಯಾಥೊಲಿಕ್. ಅದನ್ನು ಅವರು ಮುಚ್ಚಿಡುವುದೂ ಇಲ್ಲ.

ಆ ತರಗತಿ ಹೇಗಿರುತ್ತದೆ ಗೊತ್ತಾ? ಮೊದಲ ವರ್ಷದ ಗಣಿತಕ್ಕೆ ಪ್ರಾಚೀನ ಗ್ರೀಕ್ ಗಣಿತಜ್ಞ ಯೂಕ್ಲಿಡ್ ಬರೆದ ರೇಖಾಗಣಿತ ಗ್ರಂಥ. ಮೇಜಿನ ಸುತ್ತ ಹದಿನೈದು-ಹದಿನೆಂಟು ಮಕ್ಕಳು. ಒಬ್ಬಳು ಎದ್ದು ಬೋರ್ಡಿನ ಮುಂದೆ ತ್ರಿಕೋನ ಎಳೆದು ಪ್ರಮೇಯ ಸಾಧಿಸಬೇಕು. ನಡುವೆ ಒಬ್ಬ ತಡೆದು, ‘ಈ ಕೋನ ಆ ಕೋನಕ್ಕೆ ಸಮ ಅಂದೆಯಲ್ಲ, ಯಾಕೆ?’ ಎನ್ನುತ್ತಾನೆ. ಸುಮ್ಮನೆ ಬಾಯಿಪಾಠ ಮಾಡಿಕೊಂಡು ಹೋದವಳು ಅಲ್ಲೇ ಸಿಕ್ಕಿಬೀಳುತ್ತಾಳೆ. ಮೇಷ್ಟ್ರು ಪಾಠ ಹೇಳುವುದಿಲ್ಲ, ಅವರನ್ನು ಪ್ರೊಫೆಸರ್ ಎನ್ನದೆ ಟ್ಯೂಟರ್ ಎನ್ನುತ್ತಾರೆ. ಪಿಯುಸಿಯಲ್ಲಿ ತೊಂಬತ್ತೆಂಟು ಪರ್ಸೆಂಟ್ ತೆಗೆದು, ತರಗತಿಯಲ್ಲಿ ಒಂದು ಪ್ರಶ್ನೆಯನ್ನೂ ಕೇಳದೆ ಬೆಳೆದ ಮಗು ಇಲ್ಲಿ ಮೊದಲ ತಿಂಗಳುಗಳಲ್ಲಿ ನಲುಗಿಹೋಗುತ್ತದೆ. ನನಗೆ ಭಯವಾಗುವುದು ಇದರ ಬಗ್ಗೆ, ಬೈಬಲ್ ಬಗ್ಗೆ ಅಲ್ಲ.

ಶಿಸ್ತಿನ ವಿಷಯವನ್ನೂ ಕೇಳಿ. ಅಕ್ವಿನಾಸ್‌ನಲ್ಲಿ ಹುಡುಗಿಯರ ಹಾಸ್ಟೆಲಿಗೆ ಹುಡುಗರು ಕಾಲಿಡುವಂತಿಲ್ಲ, ತರಗತಿಗೆ ಜೀನ್ಸ್ ಹಾಕಿಕೊಂಡು ಹೋಗುವಂತಿಲ್ಲ. ಜೆಸ್ವಿಟ್ ಕಾಲೇಜುಗಳಲ್ಲಿ ಒಂದೇ ಹಾಸ್ಟೆಲ್ ಕಟ್ಟಡದಲ್ಲಿ ಇಬ್ಬರೂ ಇರುವುದು ಸಾಮಾನ್ಯ. ಅಂದರೆ ದೈವಶಾಸ್ತ್ರ ಹೆಚ್ಚಿರುವ ಕಡೆಯೇ ನಿಮ್ಮಂಥ ಮನೆಗೆ ಒಗ್ಗುವ ನಿಯಮಗಳಿವೆ. ಎರಡರಲ್ಲಿ ಯಾವುದು ನಿಮಗೆ ದೊಡ್ಡದು ಎಂದು ಮೊದಲು ಮನೆಯಲ್ಲಿ ಮಾತಾಡಿಕೊಳ್ಳಿ, ಮಗಳನ್ನು ಕೂರಿಸಿಕೊಂಡು.

ಸೇರಿಸಿದ ಮೇಲೆ ಬರುವ ಒಂದು ದೂರನ್ನು ಈಗಲೇ ಹೇಳಿಬಿಡುತ್ತೇನೆ. ‘ರೂಮಿನಲ್ಲಿ ದೀಪ ಹಚ್ಚಲು ಬಿಡುತ್ತಿಲ್ಲ, ಊದುಬತ್ತಿ ಕಿತ್ತುಕೊಂಡರು, ನಮ್ಮ ದೇವರೆಂದರೆ ಅವರಿಗಾಗದು.’ ಇದು ತಪ್ಪು ತಿಳಿವಳಿಕೆ. ಅಮೆರಿಕದ ಕಾಲೇಜು ಹಾಸ್ಟೆಲುಗಳಲ್ಲಿ, ಸರ್ಕಾರಿ ಇರಲಿ ಖಾಸಗಿ ಇರಲಿ, ಬೆಂಕಿಯ ಭಯಕ್ಕೆ ಮೇಣದಬತ್ತಿ, ಊದುಬತ್ತಿ ಎರಡನ್ನೂ ನಿಷೇಧಿಸಿರುತ್ತಾರೆ. ಕ್ಯಾಥೊಲಿಕ್ ಹುಡುಗಿಯೂ ತನ್ನ ಮೇರಿ ಮಾತೆಯ ಪಟದ ಮುಂದೆ ಮೇಣದಬತ್ತಿ ಹಚ್ಚುವಂತಿಲ್ಲ. ಬ್ಯಾಟರಿಯ ದೀಪ ಕಳಿಸಿ, ಗಣಪತಿಯ ಸಣ್ಣ ವಿಗ್ರಹ ಇಟ್ಟುಕೊಳ್ಳಲಿ. ಒಬ್ಬಳೇ ಕೂತು ಪ್ರಾರ್ಥಿಸಲು ಜಾಗ ಬೇಕಾದರೆ ಕ್ಯಾಂಪಸ್ ಮಿನಿಸ್ಟ್ರಿ ಎಂಬ, ಕಾಲೇಜಿನ ಧಾರ್ಮಿಕ ವ್ಯವಹಾರ ನೋಡಿಕೊಳ್ಳುವ ಕಚೇರಿಗೆ ಹೋಗಿ ಕೇಳಲಿ. ಜೆಸ್ವಿಟ್ ಕಾಲೇಜುಗಳಲ್ಲಿ ಅನ್ಯಧರ್ಮದ ಮಕ್ಕಳ ಬೇಕುಬೇಡಗಳನ್ನೂ ಅವರೇ ನೋಡಿಕೊಳ್ಳುತ್ತಾರೆ.

ಸಾಂಟಾ ಪೌಲಾ ಕಡೆ ಕಳಿಸುವವರು ಕಾಡ್ಗಿಚ್ಚಿನ ಬಗ್ಗೆಯೂ ವಿಚಾರಿಸಿ. 2017ರ ಡಿಸೆಂಬರಿನಲ್ಲಿ 2,80,000 ಎಕರೆಗೂ ಹೆಚ್ಚು ಸುಟ್ಟ ಬೆಂಕಿಗೆ ‘ಥಾಮಸ್ ಫೈರ್’ ಎಂಬ ಹೆಸರು ಬಂದದ್ದೇ ಅದು ಈ ಕಾಲೇಜಿನ ಬಳಿ ಹುಟ್ಟಿದ್ದರಿಂದ. ಮಕ್ಕಳನ್ನೆಲ್ಲ ತೆರವು ಮಾಡಿಸಬೇಕಾಯಿತು. ಚರ್ಚಿನ ಬಗ್ಗೆ ನೂರು ಸಲ ಕೇಳುವ ಪೋಷಕರು ಇದನ್ನು ಒಮ್ಮೆಯೂ ಕೇಳುವುದಿಲ್ಲ.

ಡೆಪಾಸಿಟ್ ಕಟ್ಟುವ ಮೊದಲು ವಿದ್ಯಾರ್ಥಿ ಕೈಪಿಡಿಯನ್ನು ಮಗಳೇ ಮೊದಲ ಪುಟದಿಂದ ಕೊನೆಯವರೆಗೆ ಓದಲಿ. ಕಡ್ಡಾಯ ಕೋರ್ಸುಗಳ ಪಟ್ಟಿಯನ್ನೂ ಅವಳೇ ತೆಗೆಯಲಿ. ಓದಿ ‘ಸರಿ’ ಎಂದರೆ ಕಳಿಸಿ.

ಚರ್ಚಿನ ಫಾದರ್ ಒಬ್ಬರ ಪತ್ರ ಕೊಡಿಸಿದರೆ ಸ್ಕಾಲರ್‌ಶಿಪ್ ಖಚಿತ ಎಂದು ಏಜೆಂಟ್ ಒಬ್ಬ ಒಂದೂವರೆ ಲಕ್ಷ ಕೇಳುತ್ತಿದ್ದಾನೆ. ಕೊಡಲೇ? (ಹಾಸನ)

ಒಂದು ರೂಪಾಯಿಯನ್ನೂ ಕೊಡಬೇಡಿ. ಇದು ಹಗಲು ದರೋಡೆ. ಅಲ್ಲಿ ಮ್ಯಾನೇಜ್‌ಮೆಂಟ್ ಕೋಟಾ ಇಲ್ಲ, ಡೊನೇಷನ್ ಸೀಟು ಇಲ್ಲ. ವಿದೇಶಿ ಮಕ್ಕಳಿಗೆ ಕೊಡುವ ನೆರವು ಅಂಕ ಮತ್ತು ಕುಟುಂಬದ ಆದಾಯದ ಕಾಗದಪತ್ರ ನೋಡಿ ಕಾಲೇಜೇ ಕೊಡುವಂಥದ್ದು. ಇವನೇ ನಾಳೆ ನಿಮ್ಮ ಮಗನ ಪ್ರಬಂಧವನ್ನೂ ಬರೆದುಕೊಡುತ್ತೇನೆ ಎನ್ನುತ್ತಾನೆ. ಅರ್ಜಿಯಲ್ಲಿ ‘ಇದು ನನ್ನ ಸ್ವಂತ ಬರಹ’ ಎಂದು ಸಹಿ ಹಾಕುವವನು ನಿಮ್ಮ ಮಗ. ಸಿಕ್ಕಿಬಿದ್ದರೆ ಸೀಟು ಹೋಗುವುದು ಅವನದು, ಏಜೆಂಟನದ್ದಲ್ಲ.

ಅಲ್ಲಿ ಬಿ.ಎ. ಮಾಡಿದರೆ ಅಮೆರಿಕದಲ್ಲಿ ಕೆಲಸ ಮಾಡಬಹುದಾ?

ಈಗಿನ ನಿಯಮದಲ್ಲಿ ಪದವಿಯ ನಂತರ ಒಪಿಟಿ, ಅಂದರೆ ವಿದ್ಯಾರ್ಥಿ ವೀಸಾದಲ್ಲೇ ಓದಿದ ವಿಷಯಕ್ಕೆ ಸಂಬಂಧಿಸಿದ ಕೆಲಸ ಮಾಡುವ ಅನುಮತಿ, 12 ತಿಂಗಳು. ವಿಜ್ಞಾನ-ತಂತ್ರಜ್ಞಾನ ಪಟ್ಟಿಯ ಮೇಜರ್ ಆದರೆ ಇನ್ನೂ 24 ತಿಂಗಳು. ಲಿಬರಲ್ ಆರ್ಟ್ಸ್ ಎಂದಷ್ಟೇ ಬರೆದ ಪದವಿ ಆ ಪಟ್ಟಿಯಲ್ಲಿಲ್ಲ. ಸಾಲ ಮಾಡಿ ಕಳಿಸುವವರಿಗೆ ನಾನು ಮೇಜರ್ ಇಲ್ಲದ ಕಾಲೇಜನ್ನು ಸೂಚಿಸುವುದೇ ಇಲ್ಲ.

ರ‍್ಯಾಂಕ್ ಪಟ್ಟಿಯಲ್ಲಿ ಕಾಲೇಜು ಎಷ್ಟರೊಳಗಿರಬೇಕು?

ಈ ಪ್ರಶ್ನೆಗೆ ಇನ್ನು ಉತ್ತರಿಸುವುದಿಲ್ಲ.

ಶುದ್ಧ ಸಸ್ಯಾಹಾರ ಸಿಗುತ್ತದಾ?

ಸಿಗುತ್ತದೆ, ಕೇಳಿ ತಿನ್ನಬೇಕು. ತರಕಾರಿ ಸೂಪಿಗೆ ಕೋಳಿಯ ಸಾರು ಹಾಕಿರಬಹುದು, ಕೇಕಿನಲ್ಲಿ ಮೊಟ್ಟೆ, ಜೆಲ್ಲಿಯಲ್ಲಿ ಪ್ರಾಣಿಗಳ ಮೂಳೆ-ಚರ್ಮದಿಂದ ತೆಗೆದ ಜೆಲಾಟಿನ್ ಇರುತ್ತದೆ. ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಶುಕ್ರವಾರ ‘ಇಂದು ಮಾಂಸವಿಲ್ಲ’ ಎಂದು ಬರೆದಿದ್ದರೆ ನಂಬಿ ತಟ್ಟೆ ಹಿಡಿಯಬೇಡಿ, ಅವರ ಲೆಕ್ಕದಲ್ಲಿ ಮೀನು ಮಾಂಸವಲ್ಲ. ವೀಗನ್ (ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲದ ಅಡುಗೆ) ಎಂದು ಬರೆದ ಕಡೆ ಹೋಗಿ, ಮೊಸರನ್ನು ಬೇರೆ ತೆಗೆದುಕೊಳ್ಳಿ. ಪ್ರೆಷರ್ ಕುಕ್ಕರ್, ಎಲೆಕ್ಟ್ರಿಕ್ ಒಲೆ ಕಟ್ಟಿ ಕಳಿಸಬೇಡಿ, ರೂಮಿನಲ್ಲಿ ಅವಕ್ಕೂ ನಿಷೇಧ ಇರುತ್ತದೆ.

ಕ್ರಿಸ್‌ಮಸ್ ರಜೆಗೆ ಹಾಸ್ಟೆಲ್ ತೆರೆದಿರುತ್ತದಾ?

ಹಲವು ಸಣ್ಣ ಕಾಲೇಜುಗಳು ಮುಚ್ಚುತ್ತವೆ. ಉಳಿಯಬೇಕಾದವರು ಮೊದಲೇ ಅರ್ಜಿ ಕೊಟ್ಟಿರಬೇಕು, ಅಕ್ಟೋಬರಿನಲ್ಲೇ ಹಾಸ್ಟೆಲ್ ಕಚೇರಿಗೆ ಹೋಗಿ ವಿಚಾರಿಸಲು ಮಗುವಿಗೆ ಹೇಳಿ.