ಅತಿದೊಡ್ಡ ಅವಿಭಾಜ್ಯ ಸಂಖ್ಯೆಯ ಲೇಖನ: ಸಂಪಾದಕರ ಉತ್ತರ

ಮಾನ್ಯರೇ,

ತೀರ್ಥಹಳ್ಳಿಯಿಂದ ನೀವು ಕಳುಹಿಸಿದ, 2024ರ ಅಕ್ಟೋಬರ್‌ನಲ್ಲಿ ಲ್ಯೂಕ್ ಡ್ಯುರಾಂಟ್ ಕಂಡುಹಿಡಿದ ಅವಿಭಾಜ್ಯ ಸಂಖ್ಯೆಯ ಕುರಿತ ಲೇಖನವನ್ನು ಎರಡು ಸಲ ಓದಿದೆ. ವಿಷಯದ ಆಯ್ಕೆ ಚೆನ್ನಾಗಿದೆ. ಈಗಿರುವ ರೂಪದಲ್ಲಿ ಮಾತ್ರ ಪ್ರಕಟಿಸಲಾಗದು.

ಬರಹದ ಮುಕ್ಕಾಲು ಪಾಲು ಸಂಖ್ಯೆಯ ಗಾತ್ರಕ್ಕೇ ಹೋಗಿದೆ. ಆಗುಂಬೆಯ ಮಳೆಹನಿಗಳೂ ಜೋಗದ ಧಾರೆಯೂ ಬಂದಿವೆಯಾದರೂ ಅವುಗಳಿಂದ ಓದುಗನಿಗೆ ತಿಳಿಯುವುದೇನೂ ಇಲ್ಲ. 2ರ 13,62,79,841ನೇ ಘಾತದಿಂದ 1 ಕಳೆದರೆ ಸಿಗುವ ಈ ಸಂಖ್ಯೆಯಲ್ಲಿ 4,10,24,320 ಅಂಕಿಗಳಿವೆ, ಪುಟಕ್ಕೆ 2000ದಂತೆ ಅಚ್ಚು ಹಾಕಿದರೂ 20,000ಕ್ಕೂ ಹೆಚ್ಚು ಪುಟ ಬೇಕು ಎಂದರೆ ಸಾಕು. ಗಾತ್ರವೇ ಹಿರಿಮೆಯಾಗಿದ್ದರೆ ಇದಕ್ಕೆ 1 ಕೂಡಿಸಿದ ಸಂಖ್ಯೆ ಇನ್ನೂ ದೊಡ್ಡದಲ್ಲವೇ? ಆದರೆ ಅದು ಬರೀ 2ರ ಘಾತ. ಅದರಲ್ಲಿ ಹುಡುಕಬೇಕಾದದ್ದೇನೂ ಇಲ್ಲ.

‘ಜಗತ್ತಿನ ಅತಿದೊಡ್ಡ ಅವಿಭಾಜ್ಯ’ ಎಂಬ ಶೀರ್ಷಿಕೆ ತಪ್ಪು. ಅವಿಭಾಜ್ಯಗಳಿಗೆ ಕೊನೆಯಿಲ್ಲವೆಂದು ಯೂಕ್ಲಿಡ್ ಎಂದೋ ಸಾಧಿಸಿದ್ದಾನೆ. ಇದು ಈವರೆಗೆ ತಿಳಿದವುಗಳಲ್ಲಿ ದೊಡ್ಡದು, ಅಷ್ಟೆ. ಘಾತಾಂಕ ಅವಿಭಾಜ್ಯವಾದರೆ ಇಂತಹ ಮರ್ಸೆನ್ ಸಂಖ್ಯೆಯೂ (2ರ ಘಾತದಿಂದ 1 ಕಳೆದರೆ ಸಿಗುವ ಸಂಖ್ಯೆ) ಅವಿಭಾಜ್ಯವಾಗುತ್ತದೆ ಎಂದು ಬರೆದಿದ್ದೀರಿ. 11 ಅವಿಭಾಜ್ಯವೇ, ಆದರೆ 2ರ 11ನೇ ಘಾತದಿಂದ 1 ಕಳೆದರೆ ಬರುವ 2047 ಎಂಬುದು 23 ಮತ್ತು 89ರ ಗುಣಲಬ್ಧ. ನೀವು ಹೇಳಿದ್ದರ ವಿಲೋಮವಷ್ಟೇ ನಿಜ: ಮರ್ಸೆನ್ ಸಂಖ್ಯೆ ಅವಿಭಾಜ್ಯವಾದರೆ ಅದರ ಘಾತಾಂಕವೂ ಅವಿಭಾಜ್ಯ.

ನನಗೆ ಹೆಚ್ಚು ಬೇಸರ ತಂದದ್ದು ‘ಕಂಪ್ಯೂಟರ್ ಎಲ್ಲ ಸಂಖ್ಯೆಗಳಿಂದ ಭಾಗಿಸಿ ನೋಡಿತು’ ಎಂಬ ಒಂದೇ ಸಾಲು. ಲೇಖನದ ತಿರುಳು ಇರಬೇಕಾದದ್ದು ಅಲ್ಲಿ. ಈ ಸಂಖ್ಯೆಯ ವರ್ಗಮೂಲದಲ್ಲೇ ಎರಡು ಕೋಟಿಗೂ ಹೆಚ್ಚು ಅಂಕಿಗಳಿರುವಾಗ, ಅಲ್ಲಿಯವರೆಗೆ ಒಂದೊಂದಾಗಿ ಭಾಗಿಸುತ್ತ ಹೋಗುವುದು ಯಾವ ಯಂತ್ರಕ್ಕೂ ಸಾಧ್ಯವಿಲ್ಲ. ಗಣಿತಜ್ಞ ಲ್ಯೂಕಾಸ್ ಕಂಡುಕೊಂಡು ಮತ್ತೊಬ್ಬ ಗಣಿತಜ್ಞ ಲೆಹ್ಮರ್ ಪರಿಷ್ಕರಿಸಿದ ಪರೀಕ್ಷೆ ಬೇರೆಯೇ ದಾರಿ ಹಿಡಿಯುತ್ತದೆ, ಮತ್ತು ಅದನ್ನು ಹೈಸ್ಕೂಲಿನ ಹುಡುಗರೂ ಕಾಗದದ ಮೇಲೆ ಮಾಡಿ ನೋಡಬಹುದು. 2ರ 5ನೇ ಘಾತದಿಂದ 1 ಕಳೆದರೆ ಬರುವ 31ನ್ನೇ ತೆಗೆದುಕೊಳ್ಳಿ. 4ರಿಂದ ಆರಂಭಿಸಿ, ವರ್ಗ ಮಾಡಿ 2 ಕಳೆದರೆ 14. ಮತ್ತೆ ಹಾಗೆಯೇ ಮಾಡಿದರೆ 194, ಅದನ್ನು 31ರಿಂದ ಭಾಗಿಸಿದಾಗ ಶೇಷ 8. 8ರ ವರ್ಗದಿಂದ 2 ಕಳೆದರೆ 62, ಶೇಷ ಸೊನ್ನೆ. ಘಾತಾಂಕಕ್ಕಿಂತ ಎರಡು ಕಡಿಮೆ ಹಂತಗಳ ಕೊನೆಗೆ ಸೊನ್ನೆ ಬಂದರೆ ಸಂಖ್ಯೆ ಅವಿಭಾಜ್ಯ, ಇಲ್ಲದಿದ್ದರೆ ಅಲ್ಲ. ಡ್ಯುರಾಂಟ್ ಅವರ ಸಂಖ್ಯೆಗೆ ಇಂತಹ 13,62,79,839 ಹಂತಗಳು ಬೇಕು.

ಸೊನ್ನೆ ಬಾರದಿದ್ದಾಗಲೂ ಸೋಜಿಗವಿದೆ: ಒಂದು ಅಪವರ್ತನವನ್ನೂ ತೋರಿಸದೆ ಸಂಖ್ಯೆ ಸಂಯುಕ್ತ, ಅಂದರೆ ಅವಿಭಾಜ್ಯವಲ್ಲ, ಎಂದು ನಿರ್ಣಯವಾಗುತ್ತದೆ. 2ರ 67ನೇ ಘಾತಕ್ಕಿಂತ 1 ಕಡಿಮೆಯಿರುವ ಸಂಖ್ಯೆ ಅವಿಭಾಜ್ಯವಲ್ಲವೆಂದು ಲ್ಯೂಕಾಸ್ 1876ರಲ್ಲೇ ತೋರಿಸಿದ್ದರು. ಅದರ ಅಪವರ್ತನಗಳನ್ನು ಗಣಿತಜ್ಞ ಕೋಲ್ ಮುಂದಿಟ್ಟದ್ದು 1903ರಲ್ಲಿ. ಇದನ್ನು ಸೇರಿಸಿ, ಮಳೆಹನಿಗಳನ್ನು ಬಿಡಿ.

ಬ್ಯಾಂಕಿನ ಗುಪ್ತಲಿಪಿಗೆ ಈ ಸಂಖ್ಯೆ ನೆರವಾಗುತ್ತದೆಂಬ ಕೊನೆಯ ಭಾಗವನ್ನೂ ತೆಗೆಯಬೇಕು. ಅಲ್ಲಿ ಬಳಸುವ ಅವಿಭಾಜ್ಯಗಳಲ್ಲಿ ಇರುವುದು ಕೆಲವು ನೂರು ಅಂಕಿಗಳಷ್ಟೇ, ಮತ್ತು ಅವು ಗುಟ್ಟಾಗಿರಬೇಕು. ಜಗತ್ತಿಗೆಲ್ಲ ಗೊತ್ತಿರುವ ಸಂಖ್ಯೆಯಿಂದ ಯಾವ ಬೀಗವೂ ಆಗದು. ತಿದ್ದಿದ ಪ್ರತಿ ನಾಲ್ಕು ಪುಟ ಮೀರದಿರಲಿ.

ಇತಿ,
ಸಂಪಾದಕ, ಶಿವಮೊಗ್ಗ