ಸುಳಿ ಆಮೇಲೆ, ಮೊದಲು ಗೆರೆ
(ಓದುಗರ ಪ್ರಶ್ನೆ, ಡ್ರಾಯಿಂಗ್ ಮಾಸ್ತರ ಉತ್ತರ)

ಪ್ರಶ್ನೆ: ಸರ್, ನಾನು ಹೈಸ್ಕೂಲಿನಲ್ಲಿ ಚಿತ್ರಕಲಾ ಶಿಕ್ಷಕಿ. ಡಚ್ ಚಿತ್ರಕಾರ ವ್ಯಾನ್ ಗೋ ಶೈಲಿಯಲ್ಲಿ ಭಾವ ತುಂಬಿ ಚಿತ್ರ ಬರೆಯುವುದನ್ನು ಎಂಟನೇ ತರಗತಿಯವರಿಗೆ ಕಲಿಸೋಣ ಅಂತ ರಾತ್ರಿಯ ಆಕಾಶ ಸುಳಿಯಾಗಿ ತಿರುಗುವ ಅವನ ‘ಸ್ಟಾರಿ ನೈಟ್’ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದೆ. ಎಲ್ಲರೂ ನೀಲಿ ಬಣ್ಣ ತಗೊಂಡು ಸುಳಿ ಸುಳಿಯಾಗಿ ತಿರುವಿದರು. ಯಾವ ಹಾಳೆ ಎತ್ತಿದರೂ ಒಂದೇ ಚಿತ್ರ. ಬೇರೆ ಹೇಗೆ ಕಲಿಸಬೇಕು?
– ಶಿಕ್ಷಕಿ, ಬಾದಾಮಿ ತಾಲ್ಲೂಕು

ಉತ್ತರ: ಅಕ್ಕೋರೇ, ನಮಸ್ಕಾರ. ಮಕ್ಕಳು ಕಂಡದ್ದನ್ನೇ ಬರೆದಿದ್ದಾರೆ, ಅವರನ್ನು ಅನ್ನುವ ಹಾಗಿಲ್ಲ. ಆದರೆ ಮೊದಲು ತೋರಿಸಬೇಕಾದ ಚಿತ್ರ ಅದಲ್ಲ. ವ್ಯಾನ್ ಗೋ ಚಿತ್ರಕಾರನಾಗಬೇಕು ಅಂತ ನಿಶ್ಚಯ ಮಾಡಿದ್ದು 1880ರಲ್ಲಿ. ‘ಸ್ಟಾರಿ ನೈಟ್’ ಬರೆದದ್ದು 1889ರ ಜೂನ್‌ನಲ್ಲಿ. ನಡುವಿನ ವರ್ಷಗಳಲ್ಲಿ ಆತ ಡ್ರಾಯಿಂಗ್ ಪಾಠದ ಹಾಳೆಗಳನ್ನು ನಕಲು ಮಾಡಿದ, ಚೌಕಟ್ಟಿಗೆ ದಾರ ಕಟ್ಟಿ ಅದರೊಳಗಿಂದ ನೋಡಿ ದೂರ-ಹತ್ತಿರದ ಅಳತೆ ಕಲಿತ, ರೈತರ ಕೈಗಳನ್ನು ಮತ್ತೆ ಮತ್ತೆ ಬರೆದ. ಅಷ್ಟೆಲ್ಲಾ ದುಡಿದ ಮೇಲೆ ಬಂದ ಸುಳಿ ಅದು. ಮೊದಲ ಪೀರಿಯಡ್ಡಿಗೇ ಅದನ್ನು ಕೈಗೆ ಕೊಟ್ಟರೆ ಬರೀ ಡಿಸೈನ್ ಆಗುತ್ತದೆ.

ನೀವು ಹುಡುಕಬೇಕಾದದ್ದು 1888ರ ಬೇಸಿಗೆಯಲ್ಲಿ ಆತ ದಕ್ಷಿಣ ಫ್ರಾನ್ಸಿನ ಆರ್ಲ್‌ನಲ್ಲಿ ಬರೆದ ಮಸಿ ಚಿತ್ರಗಳನ್ನು. ಅಲ್ಲಿ ಬೆಳೆಯುವ ಜೊಂಡಿನ ಕಡ್ಡಿಯನ್ನೇ ಕತ್ತರಿಸಿ ಲೇಖನಿ ಮಾಡಿಕೊಂಡಿದ್ದ. ಬಣ್ಣವಿಲ್ಲ, ಬರೀ ಗೆರೆ. ದೂರದ ಹೊಲಕ್ಕೆ ಸಣ್ಣ ಚುಕ್ಕಿ, ಹತ್ತಿರದ ಹುಲ್ಲಿಗೆ ನೆಟ್ಟಗೆ ನಿಂತ ಗೀರು, ಗಿಡಕ್ಕೆ ಹೊರಳುವ ಗೆರೆ. ಒಂದಕ್ಕೆ ಹಾಕಿದ ಗೆರೆಯನ್ನು ಇನ್ನೊಂದಕ್ಕೆ ಹಾಕಿಲ್ಲ. ಎದುರಿಗಿರುವ ವಸ್ತುವನ್ನು ನೋಡಿ ಅದಕ್ಕೆ ತಕ್ಕ ಗೆರೆ ಹುಡುಕುವುದೇ ನನ್ನ ಲೆಕ್ಕದಲ್ಲಿ ವ್ಯಾನ್ ಗೋ ಶೈಲಿ. ಕಲಿಸಬೇಕಾದದ್ದೂ ಅದನ್ನೇ.

ಇದಕ್ಕೆ ಖರ್ಚು ಬಹಳಿಲ್ಲ. ಬುಟ್ಟಿ ಹೆಣೆಯುವವರ ಹತ್ತಿರ ಬಿದಿರಿನ ತುಂಡು ಉಳಿದಿರುತ್ತವೆ. ಪೆನ್ಸಿಲ್ ಉದ್ದಕ್ಕೆ ಸೀಳಿ, ಒಂದು ತುದಿಯನ್ನು ಓರೆಯಾಗಿ ಕೊಯ್ದು, ಒಳಮೈ ಹೆರೆದು ತೆಳ್ಳಗೆ ಮಾಡಿ, ತುದಿಯ ನಡುವೆ ಚಿಕ್ಕದೊಂದು ಸೀಳು ಕೊಡಿ. ಬ್ಲೇಡಿನ ಕೆಲಸ ನೀವೇ ಮಾಡಿ, ಮಕ್ಕಳ ಕೈಗೆ ಬೇಡ. ಮಸಿಯಲ್ಲಿ ಅದ್ದಿ ಎಳೆದರೆ ಮೊದಲ ಗೆರೆ ಕಪ್ಪಗೆ, ದಪ್ಪಗೆ ಬರುತ್ತದೆ. ಎರಡು ಮೂರು ಗೆರೆ ಆಗುವಷ್ಟರಲ್ಲಿ ಮಸಿ ಆರಿ ಒರಟಾಗುತ್ತದೆ, ಮತ್ತೆ ಅದ್ದಬೇಕು. ಅದ್ದಲು ಕೈ ಎತ್ತಿದಾಗ ಮಗು ತಲೆ ಎತ್ತಿ ಗಿಡವನ್ನು ಇನ್ನೊಮ್ಮೆ ನೋಡುತ್ತದೆ. ಪೆನ್ಸಿಲ್ ಕೊಟ್ಟರೆ ಹಾಗೆ ನೋಡುವುದಿಲ್ಲ, ಹಾಳೆಯೊಳಗೇ ಮುಳುಗಿರುತ್ತದೆ. ರಬ್ಬರ್ ಅಂತೂ ಆ ದಿನ ಕಂಪಾಸಿನಿಂದ ಹೊರಗೆ ಬರಲೇಬಾರದು.

ಮಕ್ಕಳನ್ನು ಹೊರಗೆ ಕೂರಿಸಿ. ನಿಮ್ಮ ಬಾದಾಮಿಯ ಕೆಂಪು ಬಂಡೆ ಪದರು ಪದರಾಗಿ ಅಡ್ಡಡ್ಡ ಮಲಗಿದೆ, ಬೇವಿನ ತೊಗಟೆ ಉದ್ದುದ್ದ ಬಿರಿದಿದೆ, ಕರಿಜಾಲಿಯ ಮುಳ್ಳು ಜೋಡಿ ಜೋಡಿಯಾಗಿ ಚಾಚಿದೆ. ಎರಿ ಹೊಲದ ಬಿರುಕು ಅಗಲವಾಗಿ ಶುರುವಾಗಿ ಕವಲೊಡೆಯುತ್ತಾ ಸಣ್ಣದಾಗಿ ಮುಗಿಯುತ್ತದೆ. ಪ್ರತಿಯೊಂದಕ್ಕೂ ಒಂದು ಅಂಗೈಯಗಲ ಜಾಗ. ಚಿತ್ರ ಬೇಡ, ಆ ಗೆರೆ ಸಿಕ್ಕರೆ ಸಾಕು.

‘ಭಾವ ತುಂಬಿ ಬರೀರಿ’ ಅಂತ ಮಾತ್ರ ಹೇಳಬೇಡಿ. ಹಾಗೆಂದರೆ ಮಕ್ಕಳು ಸೂರ್ಯನಿಗೆ ಕಣ್ಣೀರು ಹಾಕಿ ಕೊಡುತ್ತಾರೆ. ಬಂಡೆ ಮುಟ್ಟಿದರೆ ಸುಡ್ತದೋ, ತಂಪಿರ್ತದೋ? ಗಾಳಿ ಗಿಡವನ್ನು ನೂಕ್ತದೋ, ಸವರ್ತದೋ? ಹೀಗೆ ಕೇಳಿ. ಅದೇ ಬೇವಿನ ಮರವನ್ನು ಏಪ್ರಿಲ್ ಬಿಸಿಲಲ್ಲಿ ಒಮ್ಮೆ, ಮಳೆ ಕವಿದಾಗ ಒಮ್ಮೆ ಬರೆಸಿ. ಕೈಯ ಒತ್ತಡ ತಾನಾಗಿ ಬದಲಾಗುತ್ತದೆ.

ವಿಜಯಪುರದ ನಮ್ಮ ಶಾಲೆಯಲ್ಲಿ ಒಕ್ಕಲುತನದ ಮನೆಯ ಹುಡುಗನೊಬ್ಬ ತಮ್ಮ ಎತ್ತನ್ನು ಬಿದಿರುಕಡ್ಡಿಯಲ್ಲಿ ಬರೆದು ತಂದಿದ್ದ. ಬೆನ್ನ ಮೇಲಿನ ಕೂದಲಿಗೆ ಹಿಂದಕ್ಕೆ ಮಲಗಿದ ಗಿಡ್ಡ ಗೀರು. ಗಂಗೆದೊಗಲಿಗೆ ಜೋತುಬಿದ್ದ ಉದ್ದ ಗೆರೆ. ಹಣೆಯ ಮೇಲೆ ಕೂದಲು ತಿರುಗುವಲ್ಲಿ ಗೆರೆಗಳೂ ಸುತ್ತಿ ತಿರುಗಿದ್ದವು. ಎತ್ತು ಕೊಳ್ಳುವವರು ಸುಳಿ ನೋಡದೆ ಹಗ್ಗ ಹಿಡಿಯುವುದಿಲ್ಲ, ಅವನು ಚಿಕ್ಕಂದಿನಿಂದ ಅದನ್ನು ಕಂಡವನು. ಆಮೇಲೆ ‘ಸ್ಟಾರಿ ನೈಟ್’ ತೋರಿಸಿದೆ. ಅವನು ಆಕಾಶದ ಮೇಲೆ ಬೆರಳಿಟ್ಟು, ಗೆರೆ ಎಲ್ಲಿಂದ ಹೊರಟು ಯಾವ ಕಡೆ ಹೊರಳುತ್ತದೆ ಅಂತ ಹುಡುಕುತ್ತಾ ಹೋದ. ಆ ಚಿತ್ರ ತೋರಿಸುವ ಹೊತ್ತು ಅದು, ಅಕ್ಕೋರೇ. ತೋರಿಸುವಾಗ ಅದರ ಅಳತೆಯನ್ನೂ ಹೇಳಿ. ಸುಮಾರು 74 ಸೆಂಟಿಮೀಟರ್ ಎತ್ತರ, 92 ಸೆಂಟಿಮೀಟರ್ ಅಗಲ, ಬಣ್ಣ ಏರಿ ಏರಿಯಾಗಿ ಎದ್ದು ನಿಂತಿದೆ. ಮೊಬೈಲ್ ಪರದೆಯಲ್ಲಿ ಅದೆಲ್ಲ ನುಣ್ಣಗೆ ಕಂಡು ಮಕ್ಕಳಿಗೆ ಮೋಸವಾಗುತ್ತದೆ.

ಪ್ರಶ್ನೆ: ನನ್ನ ಮಗಳು ಯಾವಾಗಲೂ ಬೇರೆಯವರ ಚಿತ್ರ ನೋಡಿಯೇ ಬರೆಯುತ್ತಾಳೆ. ಬಿಡಿಸಬೇಕೇ?
– ಪಾಲಕರು, ಗೋಕಾಕ

ಉತ್ತರ: ಬಿಡಿಸಬೇಡಿ. ವ್ಯಾನ್ ಗೋ ಕೂಡ ಸಾಯುವ ಹಿಂದಿನ ವರ್ಷ ಮಿಲೆ ಎಂಬ ಹಿರಿಯ ಚಿತ್ರಕಾರನ ರೈತರ ಚಿತ್ರಗಳನ್ನು ನೋಡಿ ಸಾಲು ಸಾಲಾಗಿ ಬರೆದ. ಅವನ ಮುಂದೆ ಇದ್ದದ್ದು ಕಪ್ಪು-ಬಿಳುಪು ಅಚ್ಚು, ಬಣ್ಣವನ್ನೆಲ್ಲ ಅವನೇ ಆರಿಸಿದ. ನಿಮ್ಮ ಮಗಳಿಗೂ ಒಂದು ಚಿತ್ರದ ಕಪ್ಪು-ಬಿಳುಪು ಝೆರಾಕ್ಸ್ ತೆಗೆಸಿಕೊಟ್ಟು ಮೂಲವನ್ನು ಎತ್ತಿಡಿ. ಬಣ್ಣ ಅವಳ ಪಾಲಿಗಿರಲಿ.

ಪ್ರಶ್ನೆ: ಮನಸ್ಸು ಕೆಟ್ಟಿದ್ದರಿಂದಲೇ ವ್ಯಾನ್ ಗೋ ಅಂಥ ಚಿತ್ರ ಬರೆದ ಎನ್ನುತ್ತಾರೆ, ನಿಜವೇ?
– ಬಿ.ವಿ.ಎ. (ದೃಶ್ಯಕಲಾ ಪದವಿ) ವಿದ್ಯಾರ್ಥಿ, ಬೆಳಗಾವಿ

ಉತ್ತರ: ತಮ್ಮಾ, ಈ ಮಾತನ್ನು ನಂಬಬೇಡ. ಕಾಯಿಲೆ ಜೋರಾದಾಗ ಅವನಿಗೆ ಕೆಲಸ ಮಾಡಲು ಆಗುತ್ತಿರಲಿಲ್ಲ, ಚೇತರಿಸಿಕೊಂಡ ದಿನಗಳಲ್ಲಿ ಬರೆಯುತ್ತಿದ್ದ. ಅವನು ತನ್ನ ತಮ್ಮ ತೇಯೋನಿಗೆ ಬರೆದ ಪತ್ರಗಳನ್ನು ಓದು. ಯಾವ ಹಳದಿಯ ಪಕ್ಕ ಯಾವ ನೀಲಿ ಇಡಬೇಕು, ಎಷ್ಟು ಟ್ಯೂಬು ಬಣ್ಣ ಬೇಕು ಅಂತ ಲೆಕ್ಕ ಹಾಕಿ ಬರೆದ ಮನುಷ್ಯ ಅಲ್ಲಿ ಸಿಗುತ್ತಾನೆ. ನಿನಗೆ ನಿದ್ದೆ ಬಾರದೆ, ಮನಸ್ಸು ಕುಗ್ಗಿದ್ದರೆ ಅದನ್ನು ಕಲೆಯ ಲಕ್ಷಣ ಅಂದುಕೊಂಡು ಸುಮ್ಮನಿರಬೇಡ, ಡಾಕ್ಟರನ್ನು ಕಾಣು.