ಜಾಣ ಮಗನ ಕಣ್ಣೀರು

ಪ್ರಶ್ನೆ: ನನ್ನ ಮಗನಿಗೆ ಎಂಟು ವರ್ಷ. ಗ್ರಹ, ನಕ್ಷತ್ರ ಅಂತ ದೊಡ್ಡವರ ಹಾಗೆ ಮಾತಾಡುತ್ತಾನೆ. ಆದರೆ ಒಂದು ಲೆಕ್ಕ ತಪ್ಪಾದರೆ ಹಾಳೆ ಹರಿದು, ಮಂಚದ ಕೆಳಗೆ ನುಸುಳಿ ಅಳುತ್ತಾನೆ. ಸೂರ್ಯ ಆರಿಹೋದರೆ ಏನು ಗತಿ ಅಂತ ರಾತ್ರಿ ನಿದ್ದೆ ಮಾಡುವುದಿಲ್ಲ. ‘ಇಷ್ಟು ಜಾಣ, ಇದಕ್ಕೆಲ್ಲ ಅಳ್ತೀಯಾ?’ ಅಂತ ಅವರಪ್ಪ ಗದರುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ಸಾಗರ

ಉತ್ತರ: ನೋಡಿ ತಂಗಿ, ಅವನ ತಲೆ ಮುಂದೆ ಓಡುತ್ತಿದೆ, ಮನಸ್ಸಿಗೆ ಇನ್ನೂ ಎಂಟೇ ವರ್ಷ. ಇಂಥ ಮಕ್ಕಳಲ್ಲಿ ಇದು ಸಾಮಾನ್ಯ. ಗದರುವುದನ್ನು ಮಾತ್ರ ಇವತ್ತೇ ನಿಲ್ಲಿಸಲು ಹೇಳಿ.

ಸೂರ್ಯ ಇನ್ನೂ ಸುಮಾರು 500 ಕೋಟಿ ವರ್ಷ ಉರಿಯುತ್ತಾನೆ ಅಂತ ಧಾರಾಳವಾಗಿ ಹೇಳಿ. ಆದರೆ ರಾತ್ರಿ ಕೇಳುವ ಪ್ರಶ್ನೆಗೆ ಲೆಕ್ಕವಷ್ಟೇ ಸಾಲದು. ಪಕ್ಕದಲ್ಲಿ ಮಲಗಿ, ‘ಭಯ ಆಯ್ತಾ ಪುಟ್ಟಾ?’ ಅಂತ ಕೇಳಿ. ಸುಮ್ನೆ ಬೆನ್ನು ಸವರಿ.

‘ಜಾಣ’ ಅನ್ನುವ ಹೊಗಳಿಕೆಯೂ ಮನೆಯಲ್ಲಿ ಜಾಸ್ತಿ ಆಗಿರಬಹುದು. ಅಮೆರಿಕದಲ್ಲಿ ಮನಶ್ಶಾಸ್ತ್ರ ಸಂಶೋಧಕರಾದ ಕ್ಲೌಡಿಯಾ ಮ್ಯುಲರ್ ಮತ್ತು ಕ್ಯಾರಲ್ ಡ್ವೆಕ್ ಐದನೇ ತರಗತಿಯ ಮಕ್ಕಳನ್ನು ಪರೀಕ್ಷಿಸಿ, 1998ರಲ್ಲಿ ಅದನ್ನು ಪ್ರಕಟಿಸಿದರು. ಜಾಣರೆಂದು ಹೊಗಳಿಸಿಕೊಂಡವರು ಸೋತಾಗ ಬೇಗ ಕೈಚೆಲ್ಲಿದರು. ಶ್ರಮಕ್ಕೆ ಮೆಚ್ಚುಗೆ ಪಡೆದವರು ಪಟ್ಟು ಹಿಡಿದು ಕೂತರು. ಅದಕ್ಕೇ ‘ಈ ಲೆಕ್ಕಕ್ಕೆ ಎರಡು ದಾರಿ ಹುಡುಕಿದೆ ಅಲ್ವಾ, ಅದು ಇಷ್ಟ ಆಯ್ತು’ ಅನ್ನಿ. ಅವನಿಗೆ ಬಾರದ ಕೆಲಸವನ್ನೂ ಕೊಡಿ. ಚಪಾತಿ ಲಟ್ಟಿಸಲಿ, ಸೊಟ್ಟಗಾದರೂ ಎಲ್ಲರೂ ಖುಷಿಯಾಗಿ ತಿನ್ನಿ.

ನಿದ್ದೆಗೇಡು ವಾರಗಟ್ಟಲೆ ಮುಂದುವರಿದರೆ ಮಕ್ಕಳ ಆಪ್ತಸಮಾಲೋಚಕರನ್ನು ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು.